ದೊರೆಸಾನಿ ನಗಬಹುದೇ

ಫ್ರೆಸ್ನಿಯೊ, ಸಾಕಾತೆಕಾಸ್ ಸೀಮೆ
ಅಕ್ಟೋಬರ್ 8, 1961, ಭಾನುವಾರ

ದೋನ್ಯಾ ಕ್ಲೆಮೆನ್ಸಿಯಾ ಅವರ ವಸತಿಗೃಹದ ಊಟದ ಮೇಜಿನ ಸುತ್ತ ನೆರೆದಿರುವ ಸಮಸ್ತ ಸಭಿಕರೇ,

ಸೂಪಿನ ಚಮಚ ಕೆಳಗಿಡಿ. ರೊಟ್ಟಿ ಮುರಿಯುತ್ತಿರುವವರು ಮುರಿಯದೆ ಹಾಗೇ ಹಿಡಿದುಕೊಳ್ಳಿ. ಕಿವಿ ಮಂದವಾಗಿರುವ ಹಿರಿಯರು ಮುಂದಿನ ಕುರ್ಚಿಗೆ ಬರಬೇಕು. ಈ ಪತ್ರವನ್ನು ನಿಮಗೆ ಗಟ್ಟಿಯಾಗಿ ಓದಿ ಹೇಳುತ್ತಿರುವವರು ನನ್ನ ಕೊಮಾದ್ರೆ ಒತಿಲಿಯಾ ಬರಾಹಾಸ್. ಅವರ ಮಗನಿಗೆ ಜ್ಞಾನಸ್ನಾನವಾದಾಗ ಕೂಸನ್ನು ತೋಳಲ್ಲಿ ಹಿಡಿದು ನಿಂತವನು ನಾನು, ಆದ್ದರಿಂದ ಅವರಿಗೆ ಕೊಂಪಾದ್ರೆ. ಆ ಸಂಬಂಧ ಭಾನುವಾರದ್ದು. ವಾರದ ಉಳಿದ ದಿನಗಳಲ್ಲಿ, ಡೇರೆ ನಾಟಕ ಕಂಪನಿಯಲ್ಲಿ ಹನ್ನೊಂದು ವರ್ಷ, ನಾನು ಇದೇ ಮಹಿಳೆಯನ್ನು ಕತ್ತಿಯಿಂದ, ವಿಷದಿಂದ, ಒಮ್ಮೆ ಕತ್ತಿ ಸಿಗದೆ ಪಿಯಾನೋದ ಮುಚ್ಚಳದಿಂದ ಕೊಂದಿದ್ದೇನೆ. ಖಳನಾಯಕ ಫಿಡೆನ್ಸಿಯೋ ಲುಹಾನ್ ಬರೆಯುತ್ತಿದ್ದಾನೆ. ಸದ್ದು ನಿಲ್ಲಲಿ.

ಸುದ್ದಿ ಏನೆಂದರೆ, ದೊರೆಸಾನಿ ಮತ್ತೆ ಬರುತ್ತಿದ್ದಾಳೆ.

'ಕಪ್ಪು ಬಾವಿಯ ದೊರೆಸಾನಿ'ಯನ್ನು ನೋಡದವರು ಮೇಜಿನಲ್ಲಿ ಯಾರಾದರೂ ಇದ್ದರೆ ಅವರಿಗಾಗಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ದೊಡ್ಡ ಜಮೀನ್ದಾರರ ಮನೆ. ಆಸ್ತಿಯ ಆಸೆಗೆ ಗಂಡನ ಕಡೆಯವರು ಹಸಿ ಬಾಣಂತಿಯನ್ನು ಬಾವಿಗೆ ತಳ್ಳುತ್ತಾರೆ. ಅವಳು ಒದ್ದೆ ಕೂದಲು ಬಿಟ್ಟುಕೊಂಡು ಎದ್ದು ಬಂದು ಒಬ್ಬೊಬ್ಬರನ್ನಾಗಿ ಕರೆದೊಯ್ಯುತ್ತಾಳೆ. ಕೊನೆಗೆ ಪಾದ್ರಿ ಬಾವಿಯ ಬಾಯಿಗೆ ಮಂತ್ರಿಸಿದ ಚಪ್ಪಡಿ ಎಳೆಸುತ್ತಾನೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಈಗ ಎರಡನೆಯ ಭಾಗ ಬಂದಿದೆ: 'ದೊರೆಸಾನಿ ಮತ್ತೆ ಬಂದಳು'. ನಮ್ಮ ಸಿನೆ ಅರೋರಾ ಚಿತ್ರಮಂದಿರದಲ್ಲಿ ಇದೇ ಇಪ್ಪತ್ತೊಂದರಿಂದ, ಹಳೆಯದರ ಜೊತೆ ಹೊಸದು, ಒಂದೇ ಟಿಕೆಟ್ಟು.

ಊರಿಗೆ ಜ್ವರ ಹಿಡಿದಿದೆ, ಹಿಡಿಸಿದವನು ನಾನೇ. ಧ್ವನಿವರ್ಧಕ ಕಟ್ಟಿದ ಲಾರಿಯಲ್ಲಿ ಕೂತು ಗಣಿಯ ಕಾಲೊನಿಯಿಂದ ಸಂತೆ ಚೌಕದವರೆಗೆ ಸಾರುತ್ತೇನೆ, ಕೊನೆಯಲ್ಲಿ ನನ್ನ ಹಳೆಯ ಖಳನ ನಗೆಯನ್ನು ಒಮ್ಮೆ ಬಿಡುತ್ತೇನೆ. ನಾಯಿಗಳು ಮನೆ ಸೇರುತ್ತವೆ. ನಿನ್ನೆ ಕ್ಷೌರದ ನಬೋರ್ ನನ್ನ ಗಡ್ಡಕ್ಕೆ ನೊರೆ ಹಚ್ಚಿ ಕತ್ತಿ ಹಿಡಿದು ಹಾಗೇ ನಿಂತುಬಿಟ್ಟ.

"ಅಲ್ಲಾ ದೋನ್ ಫಿಡೆನ್ಸಿಯೋ, ಪಾದ್ರಿ ಅಷ್ಟು ದೊಡ್ಡ ಕಲ್ಲು ಎಳ್ಸಿದ್ನಲ್ಲ, ಇವ್ಳು ಹೆಂಗ್ ಬರ್ತಾಳೆ?"

"ಟಿಕೆಟ್ ತಗೊಂಡು ನೋಡು."

"ಕಲ್ಲು ಸರಿಸಿದ್ರೆ ಪಾದ್ರಿಗೆ ಅವಮಾನ. ಸರಿಸ್ದೆ ಬಂದ್ರೆ ನಮ್ಗೆ ಅವಮಾನ. ಸತ್ತೋರನ್ನ ಎರಡು ಸಲ ಎಬ್ಬಿಸ್ಬಾರ್ದು ಕಣ್ರೀ. ಒಂದು ಸಲ ಎಬ್ಬಿಸಿದ್ರೆ ಕಥೆ, ಎರಡನೇ ಸಲಕ್ಕೆ ಅದು ವ್ಯಾಪಾರ."

"ನೊರೆ ಒಣಗ್ತಿದೆ ನಬೋರ್."

ಸಭಿಕರೇ, ನಬೋರ್ ಹೇಳಿದ್ದರಲ್ಲಿ ಹುರುಳಿದೆ. ಎರಡನೆಯ ಭಾಗಗಳೆಂದರೆ ನನಗೂ ಅನುಮಾನವೇ. ಆದರೂ ಭಿತ್ತಿಪತ್ರವನ್ನು ಗೋಡೆಗೆ ಅಂಟಿಸುವ ಮೊದಲು ಮೂರು ಸಲ ಬಿಚ್ಚಿ ನೋಡಿದೆ. ಕೊಮಾದ್ರೆ, ನೀವು ಆ ಚಿತ್ರ ತಯಾರಾದ ಸ್ಟುಡಿಯೋದ ಹೊಲಿಗೆ ಕೋಣೆಯಲ್ಲೇ ಕೂರುವವರು. ಅವಳು ಕಲ್ಲಿನಡಿಯಿಂದ ಹೇಗೆ ಬರುತ್ತಾಳೆ? ನನ್ನೊಬ್ಬನಿಗೆ ಹೇಳಿ. ಮೇಜಿನವರು ಬೇಕಾದರೆ ಕಿವಿ ಮುಚ್ಚಿಕೊಳ್ಳಲಿ.

ನಿಮ್ಮ ಕೊಂಪಾದ್ರೆ,
ಫಿಡೆನ್ಸಿಯೋ


ಮೆಕ್ಸಿಕೋ ನಗರ
ಅಕ್ಟೋಬರ್ 13, 1961

ಕೊಂಪಾದ್ರೆ,

ಹೇಳುವುದಿಲ್ಲ. ಆ ನಿಲುವಂಗಿಯ ಅಂಚು ಹೊಲಿದವಳು ನಾನು. ಒದ್ದೆಯಾಗಿ ಕಾಣಲೆಂದು ಅದಕ್ಕೆ ಬಳಿದ ಗ್ಲಿಸರಿನ್ ಇನ್ನೂ ನನ್ನ ಉಗುರಿನ ಸಂದಿಯಲ್ಲಿದೆ. ಕಥೆ ಮಾತ್ರ ನನ್ನ ಬಾಯಿಂದ ಬರದು. ಮೇಜಿನವರು ನಿಮ್ಮ ಪತ್ರವನ್ನು ಎರಡು ಸಲ ಓದಿಸಿದರು. ಸೂಪು ಆರಿಹೋಯಿತು, ದೋನ್ಯಾ ಕ್ಲೆಮೆನ್ಸಿಯಾ ನಿಮ್ಮನ್ನು ಬೈದರು.

ಈಗ ನನ್ನದೊಂದು ಕೋರಿಕೆ. ಚಿತ್ರ ನೋಡಿ, ಅನಿಸಿದ್ದನ್ನೆಲ್ಲ ಬರೆಯಿರಿ. ಸಕ್ಕರೆ ಬೆರೆಸಬೇಡಿ. ಮುಖ್ಯವಾಗಿ ದೊರೆಸಾನಿಯ ದನಿಯ ಬಗ್ಗೆ.

ಯಾಕೆಂದರೆ ಅವಳ ಮುಖ ಇಟಲಿಯದು, ದನಿ ಇಲ್ಲಿಯದು. ಆ ಸುಂದರಿಗೆ ನಮ್ಮ ಭಾಷೆ ಬಾಯಿಗೆ ಬಿಸಿ ಆಲೂಗಡ್ಡೆ ಇಟ್ಟ ಹಾಗೆ. ಅದಕ್ಕೇ ಅವಳ ಮಾತು, ಅಳು, ನಗು ಎಲ್ಲವನ್ನೂ ಬೇರೊಬ್ಬಳು ಆಮೇಲೆ ಮೈಕಿನ ಮುಂದೆ ನಿಂತು ಕೊಟ್ಟಳು. ಅವಳೂ ನಮ್ಮ ಹೊಲಿಗೆ ಕೋಣೆಯವಳೇ. ಗೊತ್ತುಮಾಡಿದ್ದ ನಟಿಯರಲ್ಲಿ ಯಾರ ದನಿಯೂ ನಿರ್ದೇಶಕರಿಗೆ ಹಿಡಿಸಲಿಲ್ಲ. ಇವಳು ಹಲ್ಲಿನಲ್ಲಿ ಗುಂಡುಸೂಜಿ ಕಚ್ಚಿಕೊಂಡು ನೆಲದಲ್ಲಿ ಕೂತಿದ್ದವಳು, 'ನಾನೊಮ್ಮೆ ನೋಡ್ಲಾ ಸ್ವಾಮಿ?' ಅಂದಳಂತೆ.

ಈಗ ಆ ಚಿತ್ರವನ್ನೇ ನಾಟಕ ಮಾಡುತ್ತಿದ್ದಾರೆ, ಡಿಸೆಂಬರಿನಲ್ಲಿ ದೊಡ್ಡ ರಂಗಮಂದಿರದಲ್ಲಿ. ಮೈಕು ಇಲ್ಲ. ದೊರೆಸಾನಿಯ ಪಾತ್ರಕ್ಕೆ ಅವಳನ್ನೇ ಕರೆದಿದ್ದಾರೆ. ನವೆಂಬರ್ 4ರ ಶನಿವಾರ ಮಧ್ಯಾಹ್ನದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಅವಳಿಗೆ ಆಸೆಯಿದೆ. ಅಳುವುದು ಗೊತ್ತು, ಜೀವಮಾನವೆಲ್ಲ ಅದನ್ನೇ ಮಾಡಿದ್ದಾಳೆ. ಆ ನಗು ಮಾತ್ರ ರಂಗದ ಮೇಲೆ ನಿಲ್ಲುತ್ತದೋ ಇಲ್ಲವೋ ಎಂಬ ಹೆದರಿಕೆ. ಇಲ್ಲಿಯವರ ಹೊಗಳಿಕೆಯನ್ನು ಅವಳು ನಂಬುವುದಿಲ್ಲ. ರಂಗದ ಕಿವಿಯಿರುವ ಒಬ್ಬ ಮನುಷ್ಯ ನನಗೆ ಗೊತ್ತು, ಅವನು ಏನನ್ನುತ್ತಾನೋ ಹಾಗೆ ಮಾಡು ಅಂದೆ. ಒಪ್ಪಿದ್ದಾಳೆ.

ಸುಳ್ಳು ಬರೆದರೆ ನನಗೆ ಗೊತ್ತಾಗುತ್ತದೆ.

ಒತಿಲಿಯಾ


ಫ್ರೆಸ್ನಿಯೊ
ಅಕ್ಟೋಬರ್ 22, 1961, ಭಾನುವಾರ

ಮೇಜಿನ ಮಹಾಸಭೆಗೆ ನಮಸ್ಕಾರ. ಕುರ್ಚಿಗಳನ್ನು ಹತ್ತಿರ ಎಳೆದುಕೊಳ್ಳಿ. ಇವತ್ತು ತೀರ್ಪು ಕೊಡುತ್ತೇನೆ.

ನೋಡಿದೆ. ನಿನ್ನೆ ನೋಡಿದೆ. ಗಣಿಯ ಪಾಳಿ ಬಿಡುವವರೆಗೆ ಲಾರಿ ಓಡಿಸಿ, ಎಂದಿನಂತೆ ಆಟ ನಡೆಯುತ್ತಿರುವಾಗಲೇ ಕತ್ತಲೆಯಲ್ಲಿ ನುಸುಳಿ ಕೂತೆ. ನಮ್ಮಲ್ಲಿ ಹೇಗೆಂದು ನಿಮಗೆ ಗೊತ್ತೇ ಇದೆ: ಒಂದು ಟಿಕೆಟ್ಟಿಗೆ ಮನಸ್ಸು ಬಂದಷ್ಟು ಹೊತ್ತು ಕೂರಬಹುದು. ಎರಡು ಚಿತ್ರಗಳೂ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತವೆ. ಎಲ್ಲಿ ಹತ್ತಿದೆವೋ ಆ ಜಾಗ ಮತ್ತೆ ಬಂದಾಗ ಇಳಿಯುತ್ತೇವೆ. ಈಚೆಗೆ ಮಾಲೀಕ ದೋನ್ ಕಾಸ್ಟುಲೋ ಚಿತ್ರದ ಹೆಸರನ್ನೂ 'ಮುಕ್ತಾಯ' ಎಂಬ ಅಕ್ಷರವನ್ನೂ ಕತ್ತರಿಸಿ ಹಾಕಿದ್ದಾನೆ. "ಮುಗೀತು ಅಂತ ಬರೆದ್ರೆ ಜನ ಎದ್ದು ಹೋಗ್ತಾರೆ ಕಣಯ್ಯಾ, ನನ್ನ ಕಡ್ಲೆಕಾಯಿ ಯಾರ್ ತಿಂತಾರೆ?" ಅನ್ನುತ್ತಾನೆ.

ಇರಲಿ, ಚಿತ್ರಕ್ಕೆ ಬರೋಣ. ತೆರೆಯುವುದೇ ಬೆಂಕಿಯಿಂದ. ಮಹಡಿಯ ಮೆಟ್ಟಿಲು, ಉರಿಯುವ ಪರದೆಗಳು, ಓಡುವ ಅತಿಥಿಗಳು, ಮೇಲೆ ದೊರೆಸಾನಿ. ಯಾಕೆ, ಏನು, ಯಾರು, ಒಂದು ಮಾತಿಲ್ಲ. ನಕ್ಕುಬಿಡುತ್ತಾಳೆ. ಆಮೇಲೆ ಹಳೆಯ ಕಥೆಯೆಲ್ಲ ನೆನಪಿನ ಹಾಗೆ ಸುರುಳಿ ಬಿಚ್ಚುತ್ತದೆ, ಬಾವಿ, ಬಾಣಂತಿ, ಚಪ್ಪಡಿ. ಮುಂದೆ ನಿಧಿ ಹುಡುಕುವ ಇಬ್ಬರು ಮೂಢರು ಚಪ್ಪಡಿ ಸರಿಸುತ್ತಾರೆ. (ನಬೋರ್‌ನ ಪ್ರಕಾರ ಪಾದ್ರಿಗೆ ಅವಮಾನ.) ಅವಳು ಬರುತ್ತಾಳೆ. ಅಬ್ಬಬ್ಬಾ, ಆ ಬರುವುದು. ಬಾವಿಯಿಂದ ಮೊದಲು ಕೈ ಬರುವುದಿಲ್ಲ, ತಲೆ ಬರುವುದಿಲ್ಲ, ಅಳು ಬರುತ್ತದೆ. ತನ್ನ ಕೂಸನ್ನು ಹುಡುಕುತ್ತಾ ಆ ಮನೆಯ ಕೋಣೆ ಕೋಣೆ ತಿರುಗಿ ಕೊನೆಗೆ ಖಾಲಿ ತೊಟ್ಟಿಲಿನ ಮೇಲೆ ಬಾಗಿ ಅಳುತ್ತಾಳಲ್ಲ, ನನ್ನ ಪಕ್ಕದಲ್ಲಿದ್ದ ಗಣಿಗಾರ ಕಡಲೆಕಾಯಿಯ ಪೊಟ್ಟಣವನ್ನು ನೆಲಕ್ಕಿಟ್ಟ. ಅಲ್ಲಿಗೆ ಮತ್ತೆ ಅದೇ ಮೆಟ್ಟಿಲು ಬಂತು, ನಾನು ಹತ್ತಿದ ಜಾಗ. ಎದ್ದು ಬಂದೆ. ಕಣ್ಣು ಒದ್ದೆಯಾಗಿತ್ತು.

ಎರಡನೆಯ ಭಾಗ ಮೊದಲನೆಯದನ್ನು ಮೀರಿಸಿತೇ ಎಂದರೆ, ಮೀರಿಸಿತು. ಮೇಜು ಕುಟ್ಟಿ ಹೇಳುತ್ತೇನೆ. ಅಂಥ ಮುಕ್ತಾಯ ಬರೆದವನ ಕೈಗೆ ಬಂಗಾರದ ಬಳೆ ತೊಡಿಸಬೇಕು.

ಈಗ ದನಿ ಕೊಟ್ಟವಳ ವಿಷಯ. ಹೊಲಿಗೆ ಕೋಣೆಯ ಹುಡುಗಿ ಇಲ್ಲೇ ಮೇಜಿನಲ್ಲಿದ್ದರೆ ಎದ್ದು ನಿಲ್ಲಲಿ. ಮಗೂ, ನಿನ್ನ ಅಳುವಿಗೆ ನೂರಕ್ಕೆ ನೂರು. ಅಂಥ ಅಳುವನ್ನು ನನ್ನ ಜನ್ಮದಲ್ಲಿ ಒಬ್ಬಳ ಬಾಯಿಂದ ಮಾತ್ರ ಕೇಳಿದ್ದೆ, ಅವಳ ಹೆಸರು ಒತಿಲಿಯಾ ಬರಾಹಾಸ್. ಅವಳ ಹತ್ತಿರವೇ ಕಲಿತಿದ್ದೀಯ ಅನ್ನುವುದು ಎರಡು ನಿಮಿಷಕ್ಕೆ ತಿಳಿಯಿತು. ಆದರೆ ಆ ನಗು? ಕ್ರಿಸ್ಮಸ್ಸಿನ ಹಿಂದಿನ ದಿನ ಕತ್ತಿ ಕಂಡ ಟರ್ಕಿ ಕೋಳಿ ಹಾಗೆ ನಗುತ್ತದೆ. ಎಲ್ಲಿಂದ ಬಂತು, ಯಾಕೆ ಬಂತು, ಯಾರ ಮೇಲೆ ಬಂತು? ನಮ್ಮ ಸೀಮೆಯಲ್ಲಿ ಹೆಣ್ಣು ದೆವ್ವ ಅಳುತ್ತದೆ. ನಮ್ಮಜ್ಜಿಯ ಕಾಲದಿಂದ ಹೊಳೆದಂಡೆಯಲ್ಲಿ ಅಳುತ್ತಲೇ ಇದೆ. ನಗುವುದು ಖಳನ ಕಸುಬು, ಅದಕ್ಕೆ ಹೊಟ್ಟೆ ಬೇಕು, ಎದೆ ಬೇಕು, ಕೆಟ್ಟತನ ಬೇಕು. ನೀನು ಅಳು ಮಗೂ, ಅಳುತ್ತಲೇ ಇರು, ಅದರಲ್ಲೇ ನಿನಗೆ ಹೆಸರು ಬರುತ್ತದೆ. ನಗು ಬೇಕೇಬೇಕು ಎನ್ನುವ ನಾಟಕವಾದರೆ ಬೇಡ ಅನ್ನು.

ಕೊಮಾದ್ರೆ, ಸಕ್ಕರೆ ಬೆರೆಸಬೇಡಿ ಅಂದಿರಿ. ಉಪ್ಪನ್ನೇ ಕಳಿಸಿದ್ದೇನೆ.

ಫಿಡೆನ್ಸಿಯೋ


ಮೆಕ್ಸಿಕೋ ನಗರ
ಅಕ್ಟೋಬರ್ 26, 1961

ಶ್ರೀ ಫಿಡೆನ್ಸಿಯೋ ಲುಹಾನ್ ಅವರಿಗೆ,

ನಿಮ್ಮ ಪತ್ರ ಬಂತು. ಎಂದಿನಂತೆ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಟರ್ಕಿ ಕೋಳಿಯ ಸಾಲನ್ನು ಹಾರಿಸಿ ಓದಬಹುದಿತ್ತು. ಹಾರಿಸಲಿಲ್ಲ. ರಂಗದ ಮೇಲೆ ಮಾತು ನುಂಗಬಾರದು ಎಂದು ಕಲಿಸಿದವರು ನೀವೇ. ಯಾರೂ ನಗಲಿಲ್ಲ, ಎಲ್ಲರೂ ತಟ್ಟೆ ನೋಡುತ್ತಿದ್ದರು. ದೋನ್ಯಾ ಕ್ಲೆಮೆನ್ಸಿಯಾ ಸಾರಿನ ಪಾತ್ರೆ ತುಂಬಿಸಿಕೊಂಡು ಬರುತ್ತೇನೆ ಎಂದು ಎದ್ದು ಹೋದರು. ಪಾತ್ರೆ ತುಂಬಿಯೇ ಇತ್ತು.

ನೀವು ಹೇಳಿದ್ದನ್ನು ಅವಳಿಗೆ ತಲುಪಿಸಿದ್ದೇನೆ. ಶನಿವಾರ ನಾಟಕದವರಿಗೆ ಬೇಡ ಅನ್ನುತ್ತಾಳೆ. ತೀರ್ಪಿಗೆ ವಂದನೆ ಹೇಳಬೇಕಂತೆ.

ಒಂದು ಮಾತು ಮಾತ್ರ ನನಗೆ ಅರ್ಥವಾಗಲಿಲ್ಲ. ಚಿತ್ರ ತೊಟ್ಟಿಲಿನ ಅಳುವಿನಲ್ಲಿ ಮುಗಿಯುತ್ತದೆ ಎಂದು ಬರೆದಿದ್ದೀರಿ. ನಾವಿಲ್ಲಿ ಮಾಡಿದ ಚಿತ್ರ ಹಾಗೆ ಮುಗಿಯುವುದಿಲ್ಲ. ನಿಮ್ಮೂರಿಗೆ ಬೇರೆ ಪ್ರತಿ ಬಂದಿರಬಹುದು. ಇನ್ನು ಅದರಿಂದ ಆಗಬೇಕಾದ್ದೇನಿಲ್ಲ.

ಚಳಿ ಶುರುವಾಗಿದೆ. ಆರೋಗ್ಯ ನೋಡಿಕೊಳ್ಳಿ.

ಒ. ಬರಾಹಾಸ್


ತಂತಿ
ಫ್ರೆಸ್ನಿಯೊ, ಅಕ್ಟೋಬರ್ 30

ಬೇಡ ಅನ್ನಬೇಡಿ. ನಗು ಅಮೋಘ. ಕತ್ತೆ ನಾನು. ವಿವರ ಮುಂದೆ. ಫಿಡೆನ್ಸಿಯೋ


ತಂತಿ
ಮೆಕ್ಸಿಕೋ ನಗರ, ಅಕ್ಟೋಬರ್ 31

ಕ್ಲೆಮೆನ್ಸಿಯಾ ನಿಮಗೆ ಬರೆದಿರಬೇಕು. ದನಿ ನನ್ನದೆಂದು ಗೊತ್ತಾದ ಮೇಲಿನ ಹೊಗಳಿಕೆ ಬೇಡ. ಕರುಣೆ ಬೇಡ. ಶನಿವಾರ ಬೇಡ ಅನ್ನುತ್ತೇನೆ. ಒತಿಲಿಯಾ


ಮೆಕ್ಸಿಕೋ ನಗರ, ನಿಮ್ಮ ಬೀದಿ, ನಿಮ್ಮ ಮನೆಯ ಎದುರಿನ ಗಂಜಿ ಅಂಗಡಿ
ನವೆಂಬರ್ 3, 1961, ಶುಕ್ರವಾರ ಸಂಜೆ

ಮೇಜಿನ ಸಭಿಕರೇ,

ಈ ಪತ್ರ ಅಂಚೆಯಲ್ಲಿ ಬಂದದ್ದಲ್ಲ. ಬಾಗಿಲು ತಟ್ಟಿ ದೋನ್ಯಾ ಕ್ಲೆಮೆನ್ಸಿಯಾ ಅವರ ಕೈಗೇ ಕೊಟ್ಟಿದ್ದೇನೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟರ್ಕಿ ಕೋಳಿಯೋರಾ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ನ್ಯಾಯವೇ. ಅವರು ನನಗೆ ಒಂದಕ್ಷರವನ್ನೂ ಬರೆದವರಲ್ಲ, ಅವರನ್ನು ಯಾರೂ ಬೈಯಬಾರದು. ಕೊಮಾದ್ರೆ, ಓದುವುದನ್ನು ನಿಲ್ಲಿಸಬೇಡಿ. ಅವಮಾನವನ್ನು ಮೇಜಿನ ಮುಂದೆ ಓದಿದಿರಿ, ಇದನ್ನೂ ಮೇಜಿನ ಮುಂದೆಯೇ ಓದಿ.

ನಡೆದದ್ದು ಹೀಗೆ. ಹೋದ ಶನಿವಾರ ನಿಮ್ಮ ಪತ್ರ ಬಂತು. 'ಶ್ರೀ ಫಿಡೆನ್ಸಿಯೋ ಲುಹಾನ್ ಅವರಿಗೆ'. ಕೊಂಪಾದ್ರೆ ಎಲ್ಲಿ ಹೋದ ಎಂದು ಲಕೋಟೆಯ ಒಳಗೆಲ್ಲ ಹುಡುಕಿದೆ. ಆ ಹುಡುಗಿಯ ಪರವಾಗಿ ನನ್ನ ಮೇಲೆ ಮುನಿಸು ಎಂದುಕೊಂಡೆ. ಆಮೇಲೆ ಆ ಮುಕ್ತಾಯದ ಮಾತು ಮುಳ್ಳಿನ ಹಾಗೆ ಕೂತಿತು. ಚೋಲೆಯ ಬಳಿ ಹೋದೆ. ಚೋಲೆ ನಮ್ಮ ಚಿತ್ರಮಂದಿರದ ಟಿಕೆಟ್ ಕಿಂಡಿಯವಳು, ಇಪ್ಪತ್ತು ವರ್ಷದಿಂದ ಅಲ್ಲೇ ಕೂತು ಸ್ವೆಟರ್ ಹೆಣೆಯುತ್ತಾಳೆ.

"ಚೋಲೆ, ನಮ್ಮ ದೊರೆಸಾನಿ ಚಿತ್ರ ತೊಟ್ಟಿಲು ಹತ್ರ ಅಳೋದ್ರಲ್ಲಿ ಮುಗಿಯೋದಲ್ವೇನೆ?"

"ಯಾರ್ ಹೇಳಿದ್ದು ನಿಮ್ಗೆ? ನಗೋದ್ರಲ್ಲಿ ಮುಗಿಯತ್ತೆ."

"ನಗೋದು ಶುರುವಲ್ಲಲ್ವಾ?"

"ದೋನ್ ಫಿಡೆನ್ಸಿಯೋ, ನೀವು ಯಾವತ್ತಾದ್ರೂ ಒಂದು ಸಿನಿಮಾನ ಮೊದಲಿಂದ ನೋಡಿದ್ದೀರಾ? ಲಾರಿ ನಿಲ್ಸಿ ಬಾಲ ಹಿಡ್ಕೊಂಡು ಹತ್ತೋದು, ಮತ್ತೆ ಬಾಲ ಕಂಡ ಕೂಡ್ಲೆ ಇಳ್ದು ಹೋಗೋದು. 'ಮುಕ್ತಾಯ' ಅಂತ ಬರ್ತಿದ್ದಾಗ ಆದ್ರೂ ನಿಮ್ಗೆ ಗೊತ್ತಾಗ್ತಿತ್ತು, ಈಗ ಅದನ್ನೂ ಈ ಕಡ್ಲೆಕಾಯಿ ಸಾಹುಕಾರ ಕತ್ರಿಸಿದ್ದಾನೆ."

ಅವಳು ಹೆಣೆಯುತ್ತಲೇ ಇದ್ದಳು.

"ಹೆಂಗಸ್ರು ಗಡಿಯಾರ ನೋಡ್ಕೊಂಡು ಆ ನಗೂಗೇ ಬರ್ತಾರೆ, ನೋಡಿಲ್ವಾ ನೀವು? ಅಡಿಗೆ ಒಲೆ ಮೇಲಿಟ್ಟು ಓಡ್ಬರ್ತಾರೆ, ಕೇಳಿ ವಾಪಸ್ ಓಡ್ತಾರೆ. ಅಲ್ಲಾ, ನಿಮ್ಗೆ ನೀವೇ ನಕ್ಕಿದ್ದೂ ಮರ್ತು ಹೋಯ್ತಾ?"

"ನಾನೆಲ್ಲಿ ನಕ್ಕೆ?"

"ಅಯ್ಯೋ ಬಿಡಿ. ಲಾರೀಲಿ ದಿನಾ ಕೇಳೋ ನಗೂನೇ ತಾನೆ ಅದು. ಸ್ವಲ್ಪ ತೆಳ್ಳಗಿದೆ ಅಷ್ಟೆ. ನೀವೇ ರಾಜಧಾನಿಗೆ ಹೋಗಿ ಹೆಣ್ಣು ದನೀಲಿ ನಕ್ಕು ಬಂದಿದ್ದೀರಿ, ಹೇಳ್ಕೊಳ್ಳೋಕೆ ನಾಚ್ಕೆ ಅಂತ ಊರೆಲ್ಲಾ ಸುಮ್ನಿದೆ."

ಸಭಿಕರೇ, ಈ ಗಂಟಲು ಬಹಳ ಸಭೆಗಳನ್ನು ಕಂಡಿದೆ. ಅವತ್ತು ಕಿಂಡಿಯ ಮುಂದೆ ಲಾರಿಯ ನಗೆಯನ್ನು ಮೆಲ್ಲಗೆ ನಕ್ಕು ನೋಡಿದೆ, ಹೌದು, ಅದೇ. ಮನುಷ್ಯನ ನಗು ಬೆನ್ನ ಮೇಲಿನ ಮಚ್ಚೆಯ ಹಾಗೆ, ಅದು ಇರುವವನೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿರುತ್ತದೆ. ಆ ನಗುವನ್ನು ಇಷ್ಟು ಚೆನ್ನಾಗಿ ಬಲ್ಲ ಹೆಂಗಸು ಭೂಮಿಯ ಮೇಲೆ ಇನ್ಯಾರು? ಹನ್ನೊಂದು ವರ್ಷ ರಂಗದ ನೆಲದ ಮೇಲೆ ಬಿದ್ದುಕೊಂಡು, ಕತ್ತಿ ಇಳಿಯುವುದನ್ನು ಕಾಯುತ್ತಾ, ಅದನ್ನು ನೆತ್ತಿಯ ಮೇಲೆ ಕೇಳಿಸಿಕೊಂಡವಳು ಯಾರು? ಹೊಲಿಗೆ ಕೋಣೆಯ ಆ ಮಗುವಿಗೆ ನಲವತ್ತೆಂಟು ವರ್ಷ ಎಂದು ನನಗೆ ಆಗ ಹೊಳೆಯಿತು.

ಭಾನುವಾರ ದೋನ್ ಕಾಸ್ಟುಲೋಗೆ ಹೇಳಿದೆ: "ಇವತ್ತು ಲಾರಿ ಓಡ್ಸಲ್ಲ."

"ಓಡಿಸ್ದೆ ಜನ ಹೆಂಗಯ್ಯಾ ಬರ್ತಾರೆ?"

"ಚಿತ್ರ ನೋಡ್ಬೇಕು. ಮೊದಲಿಂದ."

"ನಿಂಗೇನಾದ್ರೂ ಕಾಯಿಲೆನಾ?"

ಹೋಗಿ ಕೂತೆ. ಜನ ಎಂದಿಗಿಂತ ಹೆಚ್ಚೇ ಬಂದರು, ಅದರ ಅರ್ಥವನ್ನು ನಾನು ಇನ್ನೂ ಬಿಡಿಸಲು ಹೋಗಿಲ್ಲ.

ನಾನು ನೆನಪಿನ ಸುರುಳಿ ಎಂದುಕೊಂಡದ್ದು ಹಳೆಯ ಚಿತ್ರವೇ ಆಗಿತ್ತು. ಅದು ಮುಗಿದು ಚಪ್ಪಡಿ ಸರಿಯಿತು, ಅಳು ಬಂತು. ತೊಟ್ಟಿಲು ಬಂತು. ಮೆಟ್ಟಿಲು ಬಂತು. ಅಭ್ಯಾಸಬಲಕ್ಕೆ ನನ್ನ ಕಾಲು ಏಳಲು ಹೊರಟಿತು, ಅದನ್ನು ಕೈಯಲ್ಲಿ ಒತ್ತಿ ಹಿಡಿದೆ. ಮೆಟ್ಟಿಲಿನ ಬುಡದಲ್ಲಿ ಅವಳ ಮುದಿ ಅತ್ತೆ ಮಂಡಿಯೂರಿ ಕೈಮುಗಿಯುತ್ತಾಳೆ. ಹೋದ ಸಲ ಕಡಲೆಕಾಯಿ ಸುಲಿಯುತ್ತಾ ಅವಳ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಏನನ್ನುತ್ತಾಳೆ ಗೊತ್ತೇ? "ಅತ್ತುಬಿಡು ತಾಯೀ. ಅಳ್ತಾ ಇರು. ಅತ್ತು ಅತ್ತು ಬಾವಿಗೇ ವಾಪಸ್ ಹೋಗ್ಬಿಡು, ನಮ್ಮನ್ನ ಬಿಟ್ಬಿಡು." ಅವಳು ಅಳುತ್ತಿರುವವರೆಗೆ ಆ ಮನೆಯವರಿಗೆ ಭಯವಿಲ್ಲ. ಅಳುವ ದೆವ್ವಕ್ಕೆ ಒಂದು ಮೇಣದಬತ್ತಿ ಹಚ್ಚಿಟ್ಟು ಮಲಗಬಹುದು. ಅದಕ್ಕೇ ಅವಳು ಅಳುವುದಿಲ್ಲ. ಅದಕ್ಕೇ ನಗುತ್ತಾಳೆ.

ಕೊಮಾದ್ರೆ, ಆ ಅತ್ತೆಯ ಮಾತನ್ನೇ ನಾನು ನಿಮಗೆ ಬರೆದಿದ್ದೆ. ಅಳು ಮಗೂ, ಅಳುತ್ತಲೇ ಇರು.

ಆ ನಗುವಿಗೂ ಮೂರು ಮೆಟ್ಟಿಲು. ಮೊದಲನೆಯದು ಹೊಟ್ಟೆಯಲ್ಲಿ, ಅದು ನನ್ನದು. ಎರಡನೆಯದು ಎದೆಯಲ್ಲಿ, ಅದೂ ನನ್ನದು. ಅಲ್ಲಿ ನಾನು ಯಾವತ್ತೂ ನಿಂತವನಲ್ಲ, ಕಡಿವಾಣವಿಲ್ಲದ ಕುದುರೆಯ ಹಾಗೆ ಮೂರನೆಯದಕ್ಕೆ ನುಗ್ಗಿಬಿಡುತ್ತಿದ್ದೆ. ನೀವು ನಿಲ್ಲಿಸುತ್ತೀರಿ. ನಿಲ್ಲಿಸಿ, ಕೆಳಗೆ ಓಡುವವರ ಹೆಜ್ಜೆ ಸದ್ದನ್ನು ಕೇಳಿಸಿಕೊಳ್ಳುತ್ತೀರಿ. ಆಮೇಲೆ ಮೂರನೆಯದು. ನನ್ನ ಕುತ್ತಿಗೆಯ ಹಿಂದಿನ ಕೂದಲು ಎದ್ದು ನಿಂತಿತು, ನನ್ನದೇ ನಗೆಗೆ. ಹಿಂದಿನ ಸಾಲುಗಳಲ್ಲಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ ಹೆಂಗಸರು, ಗಣಿಯವರ ಹೆಂಡಂದಿರು, ಒಬ್ಬೊಬ್ಬರಾಗಿ ನಗತೊಡಗಿದರು. ಒಬ್ಬ ಗಂಡಸು "ಶ್ಶ್" ಅಂದ. ಒಬ್ಬಾಕೆ, "ನೀನೇ ಶ್ಶ್ ಕಣೋ" ಅಂದಳು.

ನಬೋರ್ ಆಡಿದ ಮಾತಿಗೆ ಈಗ ನನ್ನಲ್ಲಿ ಉತ್ತರವಿದೆ. ಸತ್ತವಳನ್ನು ಎರಡನೆಯ ಸಲ ಯಾಕೆ ಎಬ್ಬಿಸಬೇಕು ಎಂದರೆ, ಮೊದಲನೆಯ ಸಲ ಅವಳನ್ನು ಬರಿಯ ಅಳುವುದಕ್ಕೆ ಬಿಟ್ಟಿದ್ದೆವು, ಅದಕ್ಕೆ.

ಹೀಗಾಗಿ ಸೋಮವಾರ ತಂತಿ ಹೊಡೆದೆ. ನಿಮ್ಮ ಉತ್ತರ ಬಂತು: ಕರುಣೆ ಬೇಡ. ಓದಿ ಮೊದಲು ಸಿಟ್ಟು ಬಂತು, ಆಮೇಲೆ ಸರಿಯೆನಿಸಿತು. ನೀವೆಂದು ತಿಳಿದ ಮೇಲೆ ಹೊಗಳುವ ಬಾಯಿಯನ್ನು ನೀವು ಯಾಕೆ ನಂಬಬೇಕು? ಮೂರು ಪುಟ ಬರೆದು ಹರಿದೆ. ಎಲ್ಲವೂ ಸಾವಿನ ಮನೆಯಲ್ಲಿ ಆಡುವ ಮಾತಿನ ಹಾಗಿದ್ದವು. ಸತ್ತವರ ಹಬ್ಬದ ದಿನ ಅಮ್ಮನ ಗೋರಿಗೆ ಚೆಂಡುಹೂವು ಏರಿಸಿ ಅಲ್ಲಿಂದ ನೇರ ಬಸ್ಸು ಹತ್ತಿದೆ. ಅಂಗಿಯ ಮೇಲೆ ಇನ್ನೂ ಅದರ ಅರಿಸಿನ ಬಣ್ಣವಿದೆ. ದೋನ್ಯಾ ಕ್ಲೆಮೆನ್ಸಿಯಾ ನನ್ನನ್ನು ಹಾಗೆ ನೋಡಿದ್ದಕ್ಕೆ ಅದೂ ಕಾರಣವಿರಬಹುದು.

ಆದ್ದರಿಂದ ಕರುಣೆಯವನು ಹೇಳಲಾರದ ಮಾತು ಕೇಳಿ. ನಿಮ್ಮ ನಗುವಿನಲ್ಲಿ ಒಂದು ಕೆಡುಕಿದೆ. ಮೂರನೆಯ ಮೆಟ್ಟಿಲಿಗೆ ಮೊದಲು ಮೂಗಿನಿಂದ ಉಸಿರೆಳೆಯುತ್ತೀರಿ. ಮೈಕು ಅದನ್ನು ಕ್ಷಮಿಸಿದೆ, ಭಯಂಕರವಾಗಿಯೂ ಕೇಳಿಸಿದೆ. ರಂಗಮಂದಿರ ಕ್ಷಮಿಸುವುದಿಲ್ಲ. ಮೂಗಿನ ಉಸಿರು ಎದೆಯವರೆಗೆ ಹೋಗಿ ನಿಲ್ಲುತ್ತದೆ. ನಗು ಮೂರನೆಯ ಸಾಲು ದಾಟುವುದಿಲ್ಲ, ಗ್ಯಾಲರಿಯವರು ಏನಂದಳು ಏನಂದಳು ಅಂತ ಕೇಳುತ್ತಾರೆ. ಬಾಯಿ ತೆರೆದು, ಸದ್ದಿಲ್ಲದೆ, ಹೊಟ್ಟೆಗೆ ಎಳೆದುಕೊಳ್ಳಬೇಕು. ನೀವು ನಿಲ್ಲಿಸಿ ಕೇಳಿಸಿಕೊಳ್ಳುತ್ತೀರಲ್ಲ, ಆಗಲೇ. ಅಷ್ಟು ಹೊತ್ತು ಸಾಕು. ಇವತ್ತು ರಾತ್ರಿ ದಿಂಬಿಗೆ ಮುಖ ಒತ್ತಿ ಅಭ್ಯಾಸ ಮಾಡಿ. ಮೇಜಿನವರು ಸಹಿಸಿಕೊಳ್ಳಬೇಕು.

ಅದು ತಲುಪುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಬರೆಯುತ್ತಿದ್ದೆ, ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಬರುತ್ತಿರಲಿಲ್ಲ.

ನಿಮ್ಮ ಬೀದಿಯನ್ನು ಅಳೆದು ನೋಡಿದ್ದೇನೆ. ನಿಮ್ಮ ಮಹಡಿಯ ಕಿಟಕಿಯಿಂದ ಈ ಗಂಜಿ ಅಂಗಡಿಯ ಜಗಲಿಗೆ, ದೊಡ್ಡ ರಂಗಮಂದಿರದ ಗ್ಯಾಲರಿಯಷ್ಟೇ ದೂರ. ನಡುವೆ ಟ್ರಾಮು, ತರಕಾರಿ ಗಾಡಿ, ಶಾಲೆಗೆ ಹೋಗುವ ಮಕ್ಕಳು. ನಿಮಗೆ ಸಿಗುವ ಪ್ರೇಕ್ಷಕರು ಇವರಿಗಿಂತ ಒಳ್ಳೆಯವರಾಗಿರುವುದಿಲ್ಲ.

ನಾಳೆ ಬೆಳಗ್ಗೆ ಎಂಟು ಗಂಟೆಗೆ, ಬೀದಿ ತುಂಬಿ ಗಿಜಿಗುಡುವ ಹೊತ್ತಿಗೆ, ನಾನು ಈ ಜಗಲಿಯ ಮೇಲೆ ನಿಂತಿರುತ್ತೇನೆ. ಮಾತಾಡುವುದಿಲ್ಲ, ಕೈ ಬೀಸುವುದಿಲ್ಲ, ಮೇಲೆ ನೋಡಿ ಹಲ್ಲು ಕಿರಿಯುವುದೂ ಇಲ್ಲ. ನೀವು ಕಿಟಕಿ ತೆರೆದು ನಗಬೇಕು. ಮೂರನೆಯ ಮೆಟ್ಟಿಲು ಟ್ರಾಮಿನ ಸದ್ದು ದಾಟಿ ನನ್ನ ಕಿವಿಗೆ ತಲುಪಿದರೆ ಟೋಪಿ ತೆಗೆಯುತ್ತೇನೆ, ನೀವು ನೇರ ಹೋಗಿ ಹೂಂ ಅನ್ನಿ. ತಲುಪದಿದ್ದರೆ ತೆಗೆಯುವುದಿಲ್ಲ. ನೀವು ಅತ್ತರೂ ತೆಗೆಯುವುದಿಲ್ಲ. ಮಧ್ಯಾಹ್ನದವರೆಗೆ ಹೊತ್ತಿದೆ, ಇನ್ನೊಮ್ಮೆ ನಗಿ, ಮತ್ತೊಮ್ಮೆ ನಗಿ, ನಾನು ನಿಂತೇ ಇರುತ್ತೇನೆ.

ನಾಳೆ ಬೆಳಗ್ಗೆ ಟೋಪಿ ಹಾಕಿಕೊಂಡೇ ಬರುತ್ತೇನೆ.

ನಿಮ್ಮ ಕೊಂಪಾದ್ರೆ,
ಫಿಡೆನ್ಸಿಯೋ